ಕಾಂಗ್ರೆಸ್ ಗಿಡದ ನವೆ: ಮನೆಮದ್ದು ಎಲ್ಲಿಯವರೆಗೆ?

ನಮ್ಮ ಕವಲಂದೆ ಕಡೆ ಒಂದು ಹದ ಮಳೆ ಬಿದ್ದರೆ ಸಾಕು, ಬಿತ್ತಿದ ರಾಗಿಗಿಂತ ಮೊದಲು ತಲೆ ಎತ್ತುವುದು ಕಾಂಗ್ರೆಸ್ ಗಿಡ. ಹೊಲದ ಬದು, ಗಾಡಿಜಾಡು, ರೈಲು ಹಳಿಯ ಪಕ್ಕ, ತಿಪ್ಪೆಯ ಸುತ್ತ, ಎಲ್ಲಿ ನೋಡಿದರೂ ಅದೇ. ಬೆಳೆಗೆ ಅದು ಮಾಡುವ ಹಾನಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೀಳುವವನ ಮೈಗೆ ಮಾಡುವ ಹಾನಿಯ ಬಗ್ಗೆ ಮಾತು ಕಡಿಮೆ. ನವೆ ಬಂದವನು ಸುಣ್ಣ ಹಚ್ಚಿಕೊಂಡು, ಬೇವಿನ ಸೊಪ್ಪು ಉಜ್ಜಿಕೊಂಡು, ಯಾರಿಗೂ ಹೇಳದೆ ಕೆರೆದುಕೊಂಡು ಕೂರುತ್ತಾನೆ.

ನಮ್ಮಣ್ಣ ಹಾಗೆ ಮೂರು ವರ್ಷ ಕೂತಿದ್ದ. ಅವನ ಜೊತೆ ಓಡಾಡಿದ್ದರಿಂದ, ಡಾಕ್ಟರ ಹತ್ತಿರ ಕೇಳಿದ್ದರಿಂದ, ಆಮೇಲೆ ಓದಿ ತಿಳಿದದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ. ಮನೆಮದ್ದು ಬೇಡ ಅಂತ ಹೇಳುವುದಕ್ಕಲ್ಲ. ಯಾವುದು ಎಷ್ಟು ಕೆಲಸ ಮಾಡುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದರೆ ಕೈ-ಮೈ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ನಂಜು ಅಲ್ಲ, ಅಲರ್ಜಿ

ಅಣ್ಣನಿಗೆ ಮೊದಲು ಶುರುವಾದದ್ದು ಕಣ್ಣಿನ ರೆಪ್ಪೆಯಲ್ಲಿ. ಆಮೇಲೆ ಕತ್ತು, ಕಿವಿಯ ಹಿಂದೆ, ಮೊಳಕೈ ಮಡಿಕೆ. ಕೆಂಪಗಾಗಿ ಉರಿ, ನವೆ, ಸಣ್ಣ ಗುಳ್ಳೆ, ಕೆರೆದರೆ ನೀರು. ಅವ್ವ ನೋಡಿದವಳೇ, "ನಂಜು ಕಣ್ಲಾ ಇದು. ಬದನೆಕಾಯಿ ತಿನ್ಬ್ಯಾಡ, ಮೀನು ಬುಟ್ಬುಡು" ಅಂದಳು. ನಂಜುಂಡೇಶ್ವರನಿಗೆ ಹರಕೆ ಆಯಿತು. ಯಾರೋ ನಾಗದೋಷ ಅಂದರು, ಅದಕ್ಕೂ ಪೂಜೆ ಆಯಿತು. ರಕ್ತ ಕೆಟ್ಟಿದೆ ಅಂತ ಕಷಾಯ ಕುಡಿದದ್ದೂ ಆಯಿತು. ಬೇಸಿಗೆಯಲ್ಲಿ ಗಿಡ ಒಣಗಿ ಕಡಿಮೆಯಾದಾಗ ನವೆಯೂ ಸ್ವಲ್ಪ ತಗ್ಗುತ್ತಿತ್ತು. ಆ ಸಮಯದಲ್ಲಿ ಯಾವ ಔಷಧಿ ಮಾಡಿದ್ದೆವೋ ಅದಕ್ಕೇ ಹೆಸರು ಬರುತ್ತಿತ್ತು. ಮಳೆ ಬಿದ್ದ ಮೇಲೆ ಮತ್ತೆ ಮೊದಲಿನಂತೆ.

ಇದು ತಿಂದದ್ದರಿಂದ ಬರುವುದಲ್ಲ, ರಕ್ತ ಕೆಟ್ಟು ಬರುವುದಲ್ಲ. ಈ ಗಿಡದ ಎಲೆ, ಕಾಂಡ, ಹೂವಿನ ಮೇಲಿರುವ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕ ಇರುತ್ತದೆ. ಅದು ಚರ್ಮಕ್ಕೆ ತಾಕಿದಾಗ ಕೆಲವರ ಮೈ ಅದನ್ನು ಶತ್ರು ಎಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಪ್ರತಿ ಸಲ ತಾಕಿದಾಗಲೂ ಆ ಜಾಗದಲ್ಲಿ ಜಗಳ ನಡೆಯುತ್ತದೆ. ಆ ಜಗಳವೇ ನವೆ.

ಇದರಲ್ಲಿ ರೈತರು ತಿಳಿಯಬೇಕಾದ ಮಾತು ಎರಡಿವೆ.

ಮೊದಲನೆಯದು, ಗುರುತಿಟ್ಟುಕೊಳ್ಳುವುದಕ್ಕೆ ವರ್ಷಗಟ್ಟಲೆ ಹಿಡಿಯಬಹುದು. "ಹತ್ತು ವರ್ಷದಿಂದ ಕೀಳ್ತಾ ಇದೀನಿ, ನಂಗೇನೂ ಆಗಿಲ್ಲ" ಅನ್ನುವವನಿಗೆ ಹನ್ನೊಂದನೇ ವರ್ಷ ಬರಬಹುದು. ಒಮ್ಮೆ ಬಂದರೆ ಆ ಗುರುತು ಸಾಮಾನ್ಯವಾಗಿ ಅಳಿಯುವುದಿಲ್ಲ. ಎರಡನೆಯದು, ತಾಕಿದ ತಕ್ಷಣ ನವೆ ಬರುವುದಿಲ್ಲ. ಒಂದೆರಡು ದಿನ ಬಿಟ್ಟು ಬರುತ್ತದೆ. ಸೋಮವಾರ ಕಳೆ ಕಿತ್ತವನಿಗೆ ಬುಧವಾರ ನವೆ. ಅವನು ಬುಧವಾರ ತಿಂದದ್ದನ್ನು ದೂರುತ್ತಾನೆ.

ಗಿಡ ಮುಟ್ಟಲೇಬೇಕು ಅಂತಲೂ ಇಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಕೂತರೂ ಸಾಕು. ಅದಕ್ಕೇ ಬಟ್ಟೆ ಮುಚ್ಚದ ಮುಖ, ಕತ್ತು, ಕೈಯಲ್ಲಿ ಹೆಚ್ಚು. ಬೆವರು ನಿಲ್ಲುವ ಮಡಿಕೆಗಳಲ್ಲಿ ಇನ್ನೂ ಹೆಚ್ಚು. ಹಳೆಯದಾದವರಿಗೆ ಬಿಸಿಲು ಕೂಡ ತಡೆಯುವುದಿಲ್ಲ. ಗಂಡಸರಲ್ಲಿ ಇದು ಜಾಸ್ತಿ, ಮಕ್ಕಳಲ್ಲಿ ಕಡಿಮೆ ಎನ್ನುವುದು ಚರ್ಮವೈದ್ಯರ ಅನುಭವ.

ಇದು ಅಂಟುವ ರೋಗವಲ್ಲ. ಗುಳ್ಳೆಯ ನೀರು ತಾಕಿದರೆ ಹರಡುತ್ತದೆ ಅನ್ನುವುದೂ ಸುಳ್ಳು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಅಣ್ಣನ ಮುಖದ ಚರ್ಮ ದಪ್ಪಗಾಗಿ ಕಪ್ಪಾದಾಗ ಕ್ಷೌರದ ಅಂಗಡಿಯಲ್ಲಿ ಕೂರಿಸಿಕೊಳ್ಳಲಿಲ್ಲ. ಕುಷ್ಠ ಇರಬೇಕು ಅಂತ ಹಿಂದಿನಿಂದ ಆಡಿಕೊಂಡರು. ಅತ್ತಿಗೆ ಅವನ ತಟ್ಟೆ-ಲೋಟ ಬೇರೆ ಇಟ್ಟಿರಲಿಲ್ಲ, ಆದರೆ ನೆಂಟರ ಮನೆಯಲ್ಲಿ ಇಟ್ಟರು. ನವೆಗಿಂತ ಅದು ಅವನನ್ನು ಹೆಚ್ಚು ಕುಗ್ಗಿಸಿತು.

ಎಲ್ಲಿಂದ ಬಂತು

ಮೆಕ್ಸಿಕೋ ಕಡೆಯ ಗಿಡ ಇದು. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯ ಸುತ್ತ ಮೊದಲು ಎಲ್ಲರ ಕಣ್ಣಿಗೆ ಬಿತ್ತು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಅಂತ ಹೇಳುವುದು ವಾಡಿಕೆ. ಅದಕ್ಕೂ ಮೊದಲೇ ಅಲ್ಲಲ್ಲಿ ಇತ್ತು ಅನ್ನುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಬಿಳಿ ಹೂ ಗಾಂಧಿ ಟೋಪಿಯ ಹಾಗೆ ಕಾಣುತ್ತದೆಂದು ಕಾಂಗ್ರೆಸ್ ಗಿಡ ಎಂಬ ಹೆಸರು ಬಂತು ಅನ್ನುತ್ತಾರೆ.

1970ರ ದಶಕದಲ್ಲಿ ಪುಣೆಯ ವೈದ್ಯರು ಈ ಚರ್ಮರೋಗವನ್ನು ವರದಿ ಮಾಡಿದರು. ಅದೇ ದಶಕದಲ್ಲಿ ಬೆಂಗಳೂರಿನಲ್ಲೂ ಗಿಡ ವಿಪರೀತ ಹಬ್ಬಿತು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಹಾನಿಕಾರಕ ಕಳೆ ಎಂದು ಕಾನೂನಿನಡಿ ಘೋಷಿಸಿತು. ಗಿಡ ಕಾನೂನಿಗೆ ಹೆದರಲಿಲ್ಲ. ಒಂದು ದೊಡ್ಡ ಗಿಡ 15ರಿಂದ 25 ಸಾವಿರದವರೆಗೆ ಬೀಜ ಉದುರಿಸಬಲ್ಲದು. ಹುಟ್ಟಿದ ತಿಂಗಳು-ಒಂದೂವರೆ ತಿಂಗಳಲ್ಲಿ ಹೂ ಬಿಡುತ್ತದೆ. ತೇವ ಇದ್ದರೆ ವರ್ಷಕ್ಕೆ ಮೂರು-ನಾಲ್ಕು ತಲೆಮಾರು. ಟ್ರ್ಯಾಕ್ಟರ್ ಚಕ್ರದ ಮಣ್ಣು, ನಾಲೆ ನೀರು, ತಿಪ್ಪೆಗೊಬ್ಬರ, ಎಲ್ಲದರಲ್ಲೂ ಅದರ ಬೀಜ ಪ್ರಯಾಣ ಮಾಡುತ್ತದೆ.

ಬೇರೆ ದೇಶಗಳಲ್ಲೂ ರೈತರಿಗೆ ಇಂಥ ಶತ್ರು ಇದೆ. ಅಮೆರಿಕದಲ್ಲಿ ಪಾಯ್ಸನ್ ಐವಿ ಅಂತ ಒಂದು ಬಳ್ಳಿ. ಅದರ ಎಣ್ಣೆ ಚರ್ಮಕ್ಕೆ ತಾಕಿದರೆ ಗುಳ್ಳೆ ಏಳುತ್ತದೆ. ಆ ಬಳ್ಳಿ ನಮ್ಮ ಮಾವು, ಗೋಡಂಬಿ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರಿನ ಕುಟುಂಬದ್ದು. ಮಾವಿನ ಸೊನೆ ತಾಕಿ ಬಾಯಿ ಸುತ್ತ ಹುಣ್ಣಾದವರಿಗೆ, ಗೇರಿನ ಎಣ್ಣೆಯಿಂದ ಬೊಬ್ಬೆ ಎದ್ದವರಿಗೆ ಅದರ ಪರಿಚಯ ಇದ್ದಂತೆಯೇ. ಗಿಡ ಬೇರೆಯಾದರೂ ಮೈಯೊಳಗೆ ನಡೆಯುವ ಜಗಳ ಒಂದೇ ಬಗೆಯದು. ಹಾಗಾಗಿ ಕೆಳಗೆ ಹೇಳುವ ಉಪಚಾರ ಸೊನೆಯ ಗುಳ್ಳೆಗೂ ಹೊಂದುತ್ತದೆ.

ಮೊದಲ ಮದ್ದು ನೀರು, ಸೋಪು

ಕಳೆ ಕಿತ್ತು ಬಂದವರು ಊಟಕ್ಕೆ ಕೂರುವ ಮುಂಚೆ, ಸಾಧ್ಯವಾದರೆ ಹೊಲದ ಬೋರಿನ ಹತ್ತಿರವೇ, ಕೈ, ಮುಖ, ಕತ್ತು ಸೋಪು ಹಚ್ಚಿ ತಣ್ಣೀರಲ್ಲಿ ತೊಳೆಯಬೇಕು. ಎಷ್ಟು ಬೇಗ ತೊಳೆದರೆ ಅಷ್ಟು ಒಳ್ಳೆಯದು. ಸಂಜೆ ಸ್ನಾನದವರೆಗೆ ಕಾಯಬಾರದು. ಉಗುರಿನ ಸಂದಿಯನ್ನು ಮರೆಯಬಾರದು. ಅಲ್ಲಿ ಉಳಿದದ್ದು ಕಣ್ಣುಜ್ಜಿದಾಗ ರೆಪ್ಪೆಗೆ ಹೋಗುತ್ತದೆ.

ಹೆಗಲ ಮೇಲಿನ ಟವಲ್ಲು ದೊಡ್ಡ ಶತ್ರು. ಅದರಲ್ಲೇ ಗಿಡದ ಪುಡಿ ಕೂತಿರುತ್ತದೆ, ಅದರಲ್ಲೇ ಮುಖದ ಬೆವರು ಒರೆಸುತ್ತೇವೆ. ಕಳೆ ಕೀಳುವ ದಿನ ಟವಲ್ಲನ್ನು ಮನೆಯಲ್ಲಿ ಬಿಡಿ, ಇಲ್ಲವೇ ತಲೆಗೆ ಮಾತ್ರ ಕಟ್ಟಿಕೊಂಡು ಆ ದಿನವೇ ಒಗೆಯಿರಿ. ಹೊಲದ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ನೆನೆಹಾಕಬೇಡಿ. ಒಗೆದದ್ದನ್ನು ಬೇಲಿಯ ಮೇಲೆ, ಗಿಡದ ಮೇಲೆ ಒಣಗಿಸಬೇಡಿ. ಇದು ನಮ್ಮಲ್ಲಿ ದಿನಾ ನಡೆಯುವ ಕೆಲಸ, ಯಾರೂ ಯೋಚಿಸುವುದಿಲ್ಲ.

ಆರಾಮ ಕೊಡುವ ಮನೆಮದ್ದು

ನವೆ ಎದ್ದ ಮೇಲೆ ಮನೆಯಲ್ಲಿ ಮಾಡಬಹುದಾದದ್ದು ಇವು. ಇವು ಅಲರ್ಜಿಯನ್ನು ವಾಸಿ ಮಾಡುವುದಿಲ್ಲ. ಉರಿ, ನವೆ ತಗ್ಗಿಸುತ್ತವೆ, ಕೆರೆಯುವುದನ್ನು ತಪ್ಪಿಸುತ್ತವೆ. ಅಷ್ಟಾದರೂ ಅರ್ಧ ಗೆದ್ದ ಹಾಗೆ. ಕೆರೆದ ಗಾಯಕ್ಕೆ ಕೀವು ತುಂಬಿದರೆ ಕಷ್ಟ ಎರಡಾಗುತ್ತದೆ.

ತಣ್ಣೀರ ಬಟ್ಟೆ: ತೆಳುವಾದ ಹಳೇ ಪಂಚೆ ಚೂರನ್ನು ಒಗೆದು, ಮಡಕೆಯ ತಣ್ಣೀರಲ್ಲಿ ಅದ್ದಿ ಹಿಂಡಿ, ನವೆಯ ಜಾಗದ ಮೇಲೆ ಹತ್ತು-ಹದಿನೈದು ನಿಮಿಷ ಹಾಕಬೇಕು. ದಿನಕ್ಕೆ ಮೂರು-ನಾಲ್ಕು ಸಲ. ನೀರು ಸೋರುವ ಗುಳ್ಳೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಕುದಿಸಿ ಆರಿಸಿದ ನೀರಾದರೆ ಇನ್ನೂ ಉತ್ತಮ.

ಕೊಬ್ಬರಿ ಎಣ್ಣೆ: ಗುಳ್ಳೆ ಒಣಗಿ ಚರ್ಮ ಬಿರಿಯುವಾಗ ತೆಳುವಾಗಿ ಸವರಿದರೆ ಬಿಗಿತ ಕಡಿಮೆಯಾಗುತ್ತದೆ. ಬೆರಕೆ ಇಲ್ಲದ, ಸುವಾಸನೆ ಹಾಕದ ಎಣ್ಣೆ ಇರಲಿ. ನೀರು ಸೋರುವಾಗ ಹಚ್ಚಬೇಡಿ. ವ್ಯಾಸಲೀನ್ ಕೂಡ ಆಗುತ್ತದೆ.

ಲೋಳೆಸರ: ಎಲೆ ಕೊಯ್ದು ಮೊದಲು ಹಳದಿ ರಸ ಇಳಿಯಲು ಬಿಡಬೇಕು. ಆ ರಸ ಕೆಲವರಿಗೆ ಉರಿ ಮಾಡುತ್ತದೆ. ಒಳಗಿನ ಬಿಳಿ ಲೋಳೆಯನ್ನು ಮಾತ್ರ ತೊಳೆದು ಹಚ್ಚಬೇಕು. ಮೊದಲು ನವೆ ಇಲ್ಲದ ಜಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.

ಕ್ಯಾಲಮೈನ್ ಲೋಶನ್: ಇದು ಅಂಗಡಿಯ ಔಷಧಿಯಾದರೂ ಮನೆಮದ್ದಿನಷ್ಟೇ ಸಾಧು. ಚೀಟಿ ಬೇಡ, ಬೆಲೆ ಹೆಚ್ಚಿಲ್ಲ. ಬಾಟಲಿ ಅಲ್ಲಾಡಿಸಿ ಹತ್ತಿಯಲ್ಲಿ ಹಚ್ಚಬೇಕು. ಕಣ್ಣಿನ ಹತ್ತಿರ ಬೇಡ.

ಬೇವು: ಎಲೆ ಕುದಿಸಿ ಪೂರ್ತಿ ಆರಿಸಿದ ನೀರಲ್ಲಿ ಮೈ ತೊಳೆಯುವುದು ನಮ್ಮಲ್ಲಿ ಹಳೆಯ ರೂಢಿ, ತಣ್ಣನೆಯ ನೀರಿನ ಆರಾಮ ಅದರಲ್ಲೂ ಸಿಗುತ್ತದೆ. ಸೊಪ್ಪನ್ನು ಅರೆದು ಹಸಿ ಗುಳ್ಳೆಯ ಮೇಲೆ ಉಜ್ಜುವುದು ಮಾತ್ರ ಬೇಡ.

ಉಗುರು ಕತ್ತರಿಸಿಕೊಳ್ಳಿ. ರಾತ್ರಿ ನಿದ್ದೆಯಲ್ಲಿ ಕೆರೆಯುವವರು ಕೈಗೆ ಹತ್ತಿ ಬಟ್ಟೆ ಸುತ್ತಿಕೊಳ್ಳಲಿ. ಬದನೆಕಾಯಿ ಬಿಟ್ಟರೆ ತಪ್ಪೇನಿಲ್ಲ, ಬಿಟ್ಟಿದ್ದರಿಂದ ವಾಸಿಯಾಗುವುದೂ ಇಲ್ಲ. ಸರಿಯಾಗಿ ಊಟ ಮಾಡಿ.

ಮಾಡಬಾರದ ಮದ್ದು

ಬಿಸಿನೀರು ಹೊಯ್ದುಕೊಂಡರೆ ಆ ಗಳಿಗೆಗೆ ಹಾಯೆನಿಸುತ್ತದೆ, ಅರ್ಧ ಗಂಟೆಗೆ ನವೆ ಇಮ್ಮಡಿಯಾಗುತ್ತದೆ. ಸುಣ್ಣ, ಸೀಮೆಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ನೀರು ಬೆರೆಸದ ಡೆಟಾಲ್, ಇವು ಚರ್ಮವನ್ನು ಸುಡುತ್ತವೆ. ಗೇರಿನ ಎಣ್ಣೆ ಹಚ್ಚುವ ಪದ್ಧತಿ ಕೆಲವು ಕಡೆ ಇದೆ. ಅದೇ ಬೊಬ್ಬೆ ಎಬ್ಬಿಸುವ ವಸ್ತು. ಕೀಟನಾಶಕ ಸವರಿಕೊಳ್ಳುವುದಂತೂ ಪ್ರಾಣಕ್ಕೇ ಅಪಾಯ. ಗಾಯದ ಚರ್ಮ ಅದನ್ನು ಬೇಗ ಒಳಗೆಳೆದುಕೊಳ್ಳುತ್ತದೆ.

ಇನ್ನೊಂದು ವಿಷಯ ನನಗೂ ಹೊಸದಾಗಿತ್ತು. ಕಾಂಗ್ರೆಸ್ ಗಿಡ ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂವಿನ ಕುಟುಂಬದ್ದು. ನಾವು ಗಾಯಕ್ಕೆ ಹಿಂಡುವ ಚೆಂಡುಹೂವಿನ ಸೊಪ್ಪು, ತಲೆಗೆ ಹಚ್ಚುವ ಗರುಗದ ಸೊಪ್ಪು ಇವೂ ಅದೇ ಕುಟುಂಬ. ಒಂದಕ್ಕೆ ಅಲರ್ಜಿ ಇದ್ದವರಿಗೆ ದಾಯಾದಿಗಳಿಗೂ ಅಲರ್ಜಿ ಆಗಬಹುದು. ಎಲ್ಲರಿಗೂ ಆಗುತ್ತದೆ ಅಂತಲ್ಲ. ಆದರೆ ಕಾಂಗ್ರೆಸ್ ನವೆ ಇರುವವರು ಈ ಸೊಪ್ಪುಗಳನ್ನು ಮದ್ದು ಅಂತ ಹಚ್ಚಿಕೊಳ್ಳದಿರುವುದೇ ಕ್ಷೇಮ. ಅಣ್ಣನಿಗೆ ಚೆಂಡುಹೂ ಕೊಯ್ಯಲು ಹೋದ ವಾರವೆಲ್ಲ ಯಾಕೆ ಜೋರಾಗುತ್ತಿತ್ತು ಅನ್ನುವುದು ಡಾಕ್ಟರು ಇದನ್ನು ಹೇಳಿದ ಮೇಲೆ ನಮಗೆ ತಿಳಿಯಿತು. ಗುಂಡ್ಲುಪೇಟೆ ಕಡೆ ಕಾರ್ಖಾನೆಗೆ ಚೆಂಡುಹೂ, ಎಣ್ಣೆಗೆ ಸೂರ್ಯಕಾಂತಿ ಬೆಳೆಯುವವರು ಇದನ್ನು ಗಮನಿಸಬೇಕು.

ಎಲ್ಲಕ್ಕಿಂತ ಮೋಸದ್ದು ಚೀಟಿ ಇಲ್ಲದೆ ತರುವ ಟ್ಯೂಬ್. ಅಣ್ಣನಿಗೆ ಒಂದು ಮೆಡಿಕಲ್ ಅಂಗಡಿಯಲ್ಲಿ ತುರಿಕೆಗೆ ಅಂತ ಕೊಟ್ಟದ್ದನ್ನು ಎಂಟು ತಿಂಗಳು ಮುಖಕ್ಕೆ ಹಚ್ಚಿದ. ಎರಡೇ ದಿನದಲ್ಲಿ ನವೆ ಹೋಗುತ್ತಿತ್ತು, ಬಿಟ್ಟರೆ ದುಪ್ಪಟ್ಟಾಗಿ ಬರುತ್ತಿತ್ತು. ಅದರಲ್ಲಿ ಇದ್ದದ್ದು ಜೋರಾದ ಸ್ಟೆರಾಯ್ಡ್. ಸ್ಟೆರಾಯ್ಡ್ ಕೆಟ್ಟದ್ದಲ್ಲ, ಈ ರೋಗಕ್ಕೆ ಡಾಕ್ಟರೂ ಅದನ್ನೇ ಕೊಡುತ್ತಾರೆ. ಆದರೆ ಯಾವುದು, ಎಲ್ಲಿಗೆ, ಎಷ್ಟು ದಿನ ಅನ್ನುವ ಲೆಕ್ಕ ಇರುತ್ತದೆ. ಲೆಕ್ಕ ತಪ್ಪಿದರೆ ಮುಖದ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಾಣುತ್ತವೆ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು

ಕಣ್ಣು, ಮುಖ, ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ಆ ಗಳಿಗೆಯಲ್ಲೇ ಹೋಗಬೇಕು. ಕೀವು, ಜ್ವರ ಬಂದರೆ ತಡ ಮಾಡಬಾರದು. ನವೆ ಎರಡು ವಾರಕ್ಕೆ ತಗ್ಗದಿದ್ದರೆ, ಪ್ರತಿ ಮಳೆಗಾಲದಲ್ಲೂ ಮರಳಿ ಬರುತ್ತಿದ್ದರೆ, ಬಿಸಿಲಿಗೆ ಮುಖ ಉರಿಯುತ್ತಿದ್ದರೆ, ಚರ್ಮ ದಪ್ಪಗಾಗುತ್ತಿದ್ದರೆ ಚರ್ಮದ ಡಾಕ್ಟರನ್ನೇ ಕಾಣಬೇಕು. ನಮ್ಮ ಕಡೆಯವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ, ಅಲ್ಲಿ ಚರ್ಮರೋಗ ವಿಭಾಗ ಇದೆ.

ಯಾವುದರ ಅಲರ್ಜಿ ಎಂದು ತಿಳಿಯಲು ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆ ಇದೆ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಆ ದಿನಗಳಲ್ಲಿ ಬೆನ್ನು ನೆನೆಯಬಾರದು. ಹಾಗಾಗಿ ಬಿತ್ತನೆ-ಕೊಯ್ಲಿನ ಭರಾಟೆ ಇಲ್ಲದಾಗ ಹೋಗುವುದು ವಾಸಿ.

ಹಳೆಯ, ಹಠಮಾರಿ ಕೇಸುಗಳಿಗೆ ಅಜಾಥಯೊಪ್ರಿನ್ ಎಂಬ ಮಾತ್ರೆ ಇದೆ. ದಿಲ್ಲಿಯ ಏಮ್ಸ್‌ನ ಚರ್ಮವೈದ್ಯರು ಕಾಂಗ್ರೆಸ್ ಗಿಡದ ರೋಗಿಗಳಿಗೇ ಇದನ್ನು ಕೊಟ್ಟು ಅಧ್ಯಯನ ಮಾಡಿ ಉಪಯೋಗ ಕಂಡಿದ್ದಾರೆ. ಆದರೆ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾ ನುಂಗಬೇಕಾದ ಮಾತ್ರೆ ಅದು. ಅವರಿವರ ಚೀಟಿ ನೋಡಿ ತರುವಂಥದ್ದಲ್ಲ.

ಅಣ್ಣನಿಗೆ ಡಾಕ್ಟರು ಮುಲಾಮು, ಮಾತ್ರೆ ಬರೆದುಕೊಟ್ಟು ಕೊನೆಗೆ ಒಂದು ಮಾತು ಅಂದರು: "ಔಷಧಿ ನಾನು ಕೊಡ್ತೀನಿ, ಗಿಡ ನೀವೇ ಕೀಳಿಸ್ಬೇಕು. ನೀವು ಕೀಳ್ಬೇಡಿ."

ಗಿಡದ ಮೇಲೆ ಮದ್ದು

ಮೈಗೆ ಎಷ್ಟು ಹಚ್ಚಿದರೂ ಮನೆಯ ಮುಂದೆ ಗಿಡ ಇದ್ದರೆ ನವೆ ಹೋಗುವುದಿಲ್ಲ. ನಿಜವಾದ ಮನೆಮದ್ದು ಮನೆಯ ಸುತ್ತ ಅದನ್ನು ಇಲ್ಲದಂತೆ ಮಾಡುವುದು. ನಾವು ಮಾಡಿದ್ದು ಇಷ್ಟು.

ಮಳೆ ಬಂದು ನೆಲ ಹಸಿಯಾಗಿರುವಾಗ, ಹೂ ಬಿಡುವ ಮೊದಲೇ, ಬೇರು ಸಮೇತ ಕೀಳುತ್ತೇವೆ. ಬುಡ ಉಳಿದರೆ ಮತ್ತೆ ಚಿಗುರುತ್ತದೆ. ತುಂಬು ತೋಳಿನ ಅಂಗಿ, ಕೈಗೆ ರಬ್ಬರ್ ಗವಸು, ಮುಖಕ್ಕೆ ಬಟ್ಟೆ. ಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನೇ ಕೈಗೆ ಕಟ್ಟಿಕೊಳ್ಳಿ. ನವೆ ಇರುವವರು ಈ ಕೆಲಸಕ್ಕೆ ಬರಬಾರದು, ಕಿತ್ತ ಗಿಡದ ಹತ್ತಿರವೂ ಸುಳಿಯಬಾರದು. ಕೂಲಿ ಆಳುಗಳಿಗೂ ಗವಸು ಕೊಡಿ. ಅವರ ಚರ್ಮವೂ ಚರ್ಮವೇ.

ಹೂ ಬಿಡದ ಗಿಡವನ್ನು ಗುಂಡಿಯಲ್ಲಿ ಸಗಣಿ, ಮಣ್ಣಿನ ಜೊತೆ ಪದರ ಹಾಕಿ ಗೊಬ್ಬರ ಮಾಡಬಹುದು. ಹೂ ಬಿಟ್ಟದ್ದನ್ನು ಹಾಕಿದರೆ ಗೊಬ್ಬರದ ಜೊತೆ ಬೀಜವನ್ನೂ ಹೊಲಕ್ಕೆ ಹೊತ್ತ ಹಾಗೆ. ಕಿತ್ತು ಬದುವಿನ ಮೇಲೆ ಒಣಗಲು ಬಿಡಬೇಡಿ, ಒಣಗಿದ ಪುಡಿಯೂ ನವೆ ತರುತ್ತದೆ.

ಬೆಳೆ ಇಲ್ಲದ ಪಾಳು ಜಾಗಕ್ಕೆ ಉಪ್ಪುನೀರು ಹೊಡೆಯಬಹುದು. ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು, ಅಂಟಲು ಸ್ವಲ್ಪ ಸೋಪಿನ ನೀರು. ಬಿಸಿಲಿನ ದಿನ ಎಲೆ ಪೂರ್ತಿ ನೆನೆಯುವಂತೆ. ಹೊಲದೊಳಗೆ ಬೇಡ, ಮಣ್ಣು ಕೆಡುತ್ತದೆ.

ರಸ್ತೆ ಬದಿ, ಗೋಮಾಳದಂಥ ಜಾಗದಲ್ಲಿ ಮಳೆಗೆ ಮುಂಚೆ ತಗಚೆ ಬೀಜ ಎರಚಿದರೆ ಅದು ದಟ್ಟವಾಗಿ ಬೆಳೆದು ಕಾಂಗ್ರೆಸ್ಸನ್ನು ಮೇಲೇಳಲು ಬಿಡುವುದಿಲ್ಲ. ತಗಚೆಯ ಜಾತಿಯ ಗಿಡಗಳಿಂದ ಕಾಂಗ್ರೆಸ್ಸನ್ನು ಹಿಮ್ಮೆಟ್ಟಿಸುವ ಬಗ್ಗೆ ಕೆಲಸ ಮಾಡಿದವರಲ್ಲಿ ಕೃಷಿ ವಿಜ್ಞಾನಿ ಡಾ. ಎಂ. ಮಹದೇವಪ್ಪ ಒಬ್ಬರು. ನಮ್ಮ ಪಕ್ಕದ ಚಾಮರಾಜನಗರ ಸೀಮೆಯವರೇ, 2021ರಲ್ಲಿ ತೀರಿಕೊಂಡರು.

ಇನ್ನೊಬ್ಬ ಸಹಾಯಕ ಸಣ್ಣ ದುಂಬಿ. ಬಿಳಿಚು ಬೆನ್ನಿನ ಮೇಲೆ ಕಂದು ಗೆರೆ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು ಈಗ ದೂರದೂರಕ್ಕೆ ಹಬ್ಬಿದೆ. ಮಳೆಗಾಲದಲ್ಲಿ ನಮ್ಮ ಬದುಗಳಲ್ಲೂ ಎಲೆ ಜರಡಿಯಾಗಿರುವ ಗಿಡ ಕಂಡರೆ ಅದರದೇ ಕೆಲಸ. ಅಂಥ ಕಡೆ ಔಷಧಿ ಹೊಡೆಯದೆ ದುಂಬಿಯನ್ನು ಅದರ ಪಾಡಿಗೆ ಬಿಡಿ. ಅದೊಂದರಿಂದಲೇ ಗಿಡ ನಾಶವಾಗುತ್ತದೆ ಎಂದು ಕೈಕಟ್ಟಿ ಕೂರಬೇಡಿ.

ಒಬ್ಬನಿಂದ ಆಗುವ ಕೆಲಸವಲ್ಲ

ನನ್ನ ಹೊಲ ನಾನು ಸ್ವಚ್ಛ ಮಾಡಿ ಪಕ್ಕದವನು ಬಿಟ್ಟರೆ ಬರುವ ವರ್ಷ ಮತ್ತೆ ಅದೇ. ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ಎಂದು ಮಾಡುತ್ತಾರೆ. ನಮ್ಮ ಹೊಲಗಳಲ್ಲಿ ಆ ಹೊತ್ತಿಗೆ ಗಿಡ ಹೂ ಬಿಟ್ಟಾಗಿರುತ್ತದೆ. ನಾವು ಮುಂಗಾರಿನ ಮೊದಲ ಮಳೆಗಳಾಗಿ ಮೂರನೇ ವಾರಕ್ಕೇ ಬೀದಿಯವರು ಸೇರಿ ಒಂದು ಬೆಳಿಗ್ಗೆ ಕೀಳುತ್ತೇವೆ. ಮನೆಗೊಂದಾಳು, ಎರಡು ಗಂಟೆ ಕೆಲಸ. ಮೊದಲ ವರ್ಷ ಐದು ಮನೆಯವರು ಬಂದರು, ಈಗ ಬೀದಿ ಪೂರ್ತಿ ಬರುತ್ತದೆ.

ಅಣ್ಣ ಈಗ ರೇಷ್ಮೆ ಮನೆಯ ಒಳಗಿನ ಕೆಲಸ, ದನದ ಕೆಲಸ ನೋಡಿಕೊಳ್ಳುತ್ತಾನೆ. ಕಳೆ ಇರುವ ಹೊಲಕ್ಕೆ ಇಳಿಯುವುದಿಲ್ಲ. ಪೂರ್ತಿ ವಾಸಿ ಅನ್ನುವ ಹಾಗಿಲ್ಲ. ಗಾಳಿ ಜೋರಿದ್ದ ದಿನ ರೆಪ್ಪೆ ಸ್ವಲ್ಪ ಕೆಂಪಾಗುತ್ತದೆ, ತಣ್ಣೀರ ಬಟ್ಟೆ ಹಾಕಿಕೊಂಡರೆ ಇಳಿಯುತ್ತದೆ. ನಿಮ್ಮ ಮನೆಯಲ್ಲಿ, ನಿಮ್ಮ ಕೂಲಿಯವರಲ್ಲಿ ಯಾರಿಗಾದರೂ ಮಳೆಗಾಲದಲ್ಲಿ ರೆಪ್ಪೆ, ಕತ್ತು, ಮೊಳಕೈ ಮಡಿಕೆಯಲ್ಲಿ ನವೆ ಏಳುತ್ತಿದ್ದರೆ, ಬದನೆಕಾಯಿ ಬಿಡಿಸುವ ಮೊದಲು ಅವರನ್ನು ಕಾಂಗ್ರೆಸ್ ಗಿಡದಿಂದ ಬಿಡಿಸಿ. ಎಷ್ಟು ಬೇಗ ಬಿಡಿಸಿದರೆ ಅಷ್ಟು ಸುಲಭ.